ಅಂಚಿಗೆ ಸರಿದ ರಾಜ

ಈ ಸಲ ಭಾವಮೈದುನ ಶುಕ್ರಿಗೆ ಮಣ್ಣು ಮುಕ್ಕಿಸದೆ ಮನೆಗೆ ಕಾಲಿಡುವುದಿಲ್ಲ ಎಂದು ವಗ್ದಿ ಎಂಬ ಹೆಸರಿನ ನಾನು ಹೆಂಡತಿ ಇನ್ಸಾಫ್ ಎದುರೇ ಶಪಥ ಮಾಡಿದ್ದೆ. ಅಲೆಕ್ಸಾಂಡ್ರಿಯಾದ ನಮ್ಮ ಚದುರಂಗ ಕ್ಲಬ್ಬಿನಿಂದ ಕೈರೋಗೆ ಹೋಗುವ ತಂಡದಲ್ಲಿ ಉಳಿದಿದ್ದದ್ದು ಒಂದೇ ಜಾಗ. ಅದು ನನಗೆ, ಇಲ್ಲವೇ ಅವನಿಗೆ. ನನ್ನ ವಯಸ್ಸಿನವರನ್ನು ಮುಂದಿನ ವರ್ಷ ಯಾರೂ ಕರೆಯುವುದಿಲ್ಲ.

ಚಳಿಗಾಲವಿಡೀ ಒಂದು ಓಪನಿಂಗನ್ನು, ಅಂದರೆ ಆಟದ ಮೊದಲ ನಡೆಗಳನ್ನು, ಅರೆದು ಕುಡಿದಿದ್ದೆ. ರಾಜನ ಮುಂದಿನ ಕಾಲಾಳು ಎರಡು ಮನೆ ಜಿಗಿಯಬೇಕು, ಕುದುರೆ ಹೊರಡಬೇಕು, ಆಮೇಲೆ ಮಹಾರಾಜರು ಕೋಟೆ ಕಟ್ಟಿಕೊಂಡು ಸುಖವಾಗಿರಬೇಕು. ಯುದ್ಧ ಅಂದರೆ ಅದು! ಹೀಗೆಂದು ಹೆಂಡತಿಗೆ ಬಣ್ಣಿಸುತ್ತಿದ್ದೆ.

"ಯುದ್ಧ ಆಮೇಲೆ. ನಿಮ್ಮ ಚಪ್ಪಲಿ ಮಗುಚಿ ಬಿದ್ದು ದೇವರಿಗೇ ಅಂಗಾಲು ತೋರಿಸ್ತಿದೆ, ಮೊದ್ಲು ನೆಟ್ಟಗಿಡಿ," ಎಂದಳು ಇನ್ಸಾಫ್.

ಇದು ಅವಳ ತವರಿನ ಕಾಯಿಲೆ. ಚಪ್ಪಲಿ, ದಿಂಬು, ಚಹಾ ಲೋಟ, ಗೋಡೆಯ ಮೇಲಿನ ಮಾವನ ಫೋಟೋ, ಯಾವುದೂ ಸೊಟ್ಟಗಿರುವಂತಿಲ್ಲ. ಮದುವೆಯಾದಾಗಿನಿಂದ ಬೈದು ಬೈದು ನನ್ನನ್ನೂ ಪಳಗಿಸಿದ್ದಾಳೆ. ಈಗ ಸೊಟ್ಟಗಿರುವುದು ಕಂಡರೆ ನನ್ನ ಕೈ ನನ್ನ ಮಾತನ್ನೂ ಕೇಳುವುದಿಲ್ಲ.

ಪಂದ್ಯದ ದಿನ ಶುಕ್ರಿ ಎರಡೂ ಕೈಯಲ್ಲಿ ನನ್ನ ಕೈ ಹಿಡಿದು ಕುಲುಕಿದ. ಅವನ ಕೋಟಿನ ತೋಳು ಹಲಗೆಯ ಮೇಲೆ ಉಜ್ಜಿಕೊಂಡು ಹೋದದ್ದನ್ನು ನಾನು ಆಗ ಗಮನಿಸಲಿಲ್ಲ. ಗಡಿಯಾರ ಶುರುವಾಯಿತು. ಕಾಲಾಳು ದೂಡಿದೆ. ಅವನೂ ದೂಡಿದ. ಇನ್ನೇನು ಕುದುರೆಗೆ ಕೈ ಹಾಕಬೇಕು, ಅಷ್ಟರಲ್ಲಿ ನನ್ನ ರಾಜ ಕಣ್ಣಿಗೆ ಬಿದ್ದ. ತನ್ನ ಮನೆಯ ಅಂಚಿಗೆ ಸರಿದು ನಿಂತಿದ್ದ. ಕೈ ತಾನಾಗಿ ಹೋಗಿ ಅವನನ್ನು ಮಧ್ಯಕ್ಕೆ ಕೂರಿಸಿತು.

"ಮುಟ್ಟಿದ್ರಿ ಭಾವ," ಎಂದ ಶುಕ್ರಿ, ಮೆಲ್ಲಗೆ. "ಮುಟ್ಟಿದ್ಮೇಲೆ ಅದನ್ನೇ ನಡೆಸ್ಬೇಕು."

"ನಡೆಸಕ್ಕಲ್ಲ ಕಣೋ, ಸರಿಯಾಗಿ ಇಟ್ಟೆ ಅಷ್ಟೇ."

"ಸರಿಪಡಿಸ್ತೀನಿ ಅಂತ ಮೊದ್ಲೇ ಹೇಳ್ಬೇಕಿತ್ತು. ಕಾಫಿ ಅಂಗಡಿ ಆಟ ಅಲ್ವಲ್ಲ ಇದು."

ತೀರ್ಪುಗಾರರು ಬಂದು ಅವನ ಮಾತಿಗೇ ತಲೆದೂಗಿದರು. ಆನೆ, ಕುದುರೆ ಎಲ್ಲ ಲಾಯದಲ್ಲಿ ನಿದ್ದೆ ಹೊಡೆಯುತ್ತಿರುವಾಗ, ಎರಡನೇ ನಡೆಗೇ ನನ್ನ ರಾಜ ಒಬ್ಬನೇ ಬರಿಗಾಲಲ್ಲಿ ಬೀದಿಗಿಳಿದ. ಒಮ್ಮೆ ಕದಲಿದ ರಾಜ ಕೋಟೆ ಕಟ್ಟುವಂತಿಲ್ಲ; ಆ ಹಕ್ಕು ಅಲ್ಲಿಗೇ ಹೋಯಿತು. ಶುಕ್ರಿ ಅವನನ್ನು ಹಲಗೆ ತುಂಬ ಅಟ್ಟಾಡಿಸಿ ಹೊಡೆದ, ಕೈರೋದ ಜಾಗವನ್ನೂ ಹೊಡೆದ.

ಶಪಥ ನುಂಗಿಕೊಂಡು ಮನೆಗೆ ಬಂದೆ.

"ನಿನ್ನ ತಮ್ಮ ಬೇಕಂತಲೇ ನನ್ನ ರಾಜನ್ನ ಸರಿಸಿದ," ಎಂದೆ.

"ಛೆ, ಅವನ್ಯಾಕೆ ಹಾಗ್ ಮಾಡ್ತಾನೆ? ಪಾಪ, ನಿಮ್ಮ ಮೇಲೆ ಎಷ್ಟು ಅಕ್ಕರೆ ಅವನಿಗೆ. ನಿನ್ನೆ ಫೋನ್ ಮಾಡಿದ್ದ. ಭಾವ ಈಗ್ಲೂ ಸೊಟ್ಟಗಿರೋದು ಕಂಡ್ರೆ ಸುಮ್ನಿರಲ್ವಾ ಅಂತ ವಿಚಾರಿಸ್ದ."

"ನೀನೇನಂದೆ?"

"ಹೊಗಳಿದೆ ರೀ. ನಮ್ಮನೆಯವರ ಕೈ ಒಂದು ಕ್ಷಣಾನೂ ತಡೆಯಲ್ಲ ಅಂದೆ."

ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಅದೂ ಶುಕ್ರಿಯ ಹತ್ತಿರ.