ಇಪ್ಪತ್ತನಾಲ್ಕು ಪಟ್ಟಿನ ದೂರದೃಷ್ಟಿ

ವಿಳಾಸಪ್ಪನವರು ತಮ್ಮ ಹೆಂಡತಿಯನ್ನು ಮೊದಲು ಕಂಡದ್ದು ಎಡಗಣ್ಣಿನಿಂದ. ಬಲಗಣ್ಣನ್ನು ಆಕೆಯೇ ಸೌಟಿನಂಥ ಕಪ್ಪು ತಗಡಿನಿಂದ ಮುಚ್ಚಿದ್ದಳು! ಆಕೆ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಇವರು ಅಂಚೆ ಕಚೇರಿಗೆ ಆಗತಾನೆ ಸೇರಿದ ಗುಮಾಸ್ತರು. ಮನೆತನದಲ್ಲಿ ಪರೀಕ್ಷೆ ಬರೆದು ಪಾಸಾದ ಮೊದಲ ಗಂಡಸು ಇವರೇ ಆದ್ದರಿಂದ ಯಾವ ಪರೀಕ್ಷೆಯಲ್ಲೂ ಫೇಲಾಗುವ ಹಕ್ಕು ಇವರಿಗಿರಲಿಲ್ಲ. ಹಾಗಾಗಿ ಬೆಂಚಿನಲ್ಲಿ ಸರದಿ ಕಾಯುತ್ತ, ಮುಂದಿದ್ದವರು ಓದುವುದನ್ನು ಕೇಳಿ ಕೇಳಿ, ಗೋಡೆಯ ಮೇಲಿನ ಅಕ್ಷರಗಳನ್ನೆಲ್ಲ ಕೊನೆಯ ಸಾಲಿನವರೆಗೂ ಬಾಯಿಪಾಠ ಮಾಡಿಬಿಟ್ಟಿದ್ದರು. ಕುರ್ಚಿಯಲ್ಲಿ ಕೂತವರೇ ಮಗ್ಗಿ ಒಪ್ಪಿಸುವ ಹಾಗೆ ಉಸಿರು ಬಿಡದೆ ಒಪ್ಪಿಸಿದರು. ಆಕೆ ಪೂರ್ತಿ ಕೇಳಿಸಿಕೊಂಡು, ನಗು ನುಂಗಿಕೊಂಡು ಹೇಳಿದಳು:

“ಸಾರ್, ನೀವು ಹೇಳಿದ್ದು ಆ ಬೋರ್ಡು. ನಾನು ತೋರಿಸ್ತಿರೋದು ಪಕ್ಕದ ಬೋರ್ಡು.”

ಕನ್ನಡಕ ಬಂತು. ಅದರ ಹಿಂದೆಯೇ ಮದುವೆಯೂ ಬಂತು.

ಅಲ್ಲಿಂದ ಇಪ್ಪತ್ತು ವರ್ಷ ಕಾಗದ ವಿಂಗಡಿಸಿದ್ದಾರೆ. ಒಂದೇ ಒಂದು ಕಾರ್ಡನ್ನೂ ತಪ್ಪು ಖಾನೆಗೆ ಹಾಕಿದವರಲ್ಲ! ‘ವಿಳಾಸಪ್ಪ’ ಎಂದು ಕಚೇರಿಯವರು ಬಿರುದು ಕೊಟ್ಟದ್ದೂ ಅದಕ್ಕೇ. ಇಂಥವರು ಎರಡು ವರ್ಷದ ಹಿಂದೆ ಊರಾಚೆಯ ರೈಫಲ್ ಕ್ಲಬ್ಬಿಗೆ ಸೇರಿದರು. ಬಟಾಣಿ ಕಾಳಿನಷ್ಟು ಗುಂಡು ಹಾರಿಸುವ, ಪಾಯಿಂಟ್ ಟೂ ಟೂ ರಿಮ್‌ಫೈರ್ ಎಂಬ ಸಾಧು ಬಂದೂಕು. ಐವತ್ತು ಮೀಟರ್ ದೂರದಲ್ಲಿ ಸಾಲಾಗಿ ನಿಂತ ಗುರಿಹಲಗೆಗಳು. ಕ್ಲಬ್ಬಿನ ತಂಡದಲ್ಲಿ ನಾಲ್ಕು ಜನ. ಮೂವರು ಆಯ್ಕೆಯಾಗಿದ್ದರು. ನಾಲ್ಕನೆಯ ಜಾಗಕ್ಕೆ ಮುಂದಿನ ತಿಂಗಳ ಕೊನೆಯ ಶನಿವಾರ ವಿಳಾಸಪ್ಪನವರಿಗೂ ಸೆಲೂನಿನ ಯಜಮಾನನಿಗೂ ನೇರ ಸ್ಪರ್ಧೆ!

“ನಾಲ್ಕನೇ ಜಾಗ ನಂದೇ ಕಣೇ! ತಂಡದ ಕೋಟಿಗೆ ದರ್ಜಿ ಹತ್ರ ಅಳತೆ ಕೊಟ್ಟು ಬಂದಿದ್ದೀನಿ,” ಎಂದು ಸಾರಿದರು.

“ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋದು ಅಂದ್ರೆ ಇದೇ ನೋಡಿ,” ಎಂದಳು ಹೆಂಡತಿ.

“ಒಂದೇ ಒಂದು ಕೊರತೆ. ಬಂದೂಕಿನ ಮೇಲೆ ಕೂರಿಸೋಕೆ ಒಳ್ಳೇ ಸ್ಕೋಪು ಬೇಕು.”

ಸ್ಕೋಪು ಎಂದರೆ ಬಂದೂಕಿನ ಬೆನ್ನೇರುವ ದುರ್ಬೀನು. ಅದರ ಬಗ್ಗೆ ಮೂರು ವಾರ ಓದಿ, ಇನ್ನೂರು ಪುಟದ ನೋಟ್‌ಬುಕ್ ತುಂಬಿಸಿ, ಹೆಂಡತಿಯನ್ನೂ ಕರೆದುಕೊಂಡು ಅಂಗಡಿಗೆ ದಂಡೆತ್ತಿ ಹೋದರು. ಅಂಗಡಿಯವನು ನಾಲ್ಕು ಪಟ್ಟು ದೊಡ್ಡದು ಮಾಡಿ ತೋರಿಸುವ, ಗೇಣುದ್ದದ ಒಂದು ಸ್ಕೋಪನ್ನು ಮುಂದಿಟ್ಟ.

“ನಿಮ್ಮ ರೈಫಲ್ಲಿಗೆ ಇದು ಸಾಕು ಸಾರ್. ಐವತ್ತು ಮೀಟರಿಗೇ ಹೊಂದಿಸಿರೋದು.”

ವಿಳಾಸಪ್ಪನವರ ಕಣ್ಣು ಆಗಲೇ ಮೇಲಿನ ಕಪಾಟಿಗೆ ಹಾರಿತ್ತು. ಅಲ್ಲೊಂದು ಮಹಾಸ್ಕೋಪು ಪವಡಿಸಿತ್ತು. ಮೊಳದುದ್ದ, ಮೂತಿ ಲೋಟದಷ್ಟು ಅಗಲ. “ಅದೆಷ್ಟು ಪಟ್ಟು?”

“ಇಪ್ಪತ್ತನಾಲ್ಕು. ಬೇಡಿ ಸಾರ್. ಪಟ್ಟು ಏರಿದಷ್ಟೂ ನೋಟ ಕಿರಿದಾಗುತ್ತೆ. ಹಲ್ಲಿ ಕಾಣುತ್ತೆ, ಗೋಡೆ ಕಾಣಲ್ಲ.”

“ನಾನು ಹೊಡೀಬೇಕಾಗಿರೋದು ಹಲ್ಲೀನೇ ಅಲ್ವೇನ್ರಿ? ಗೋಡೆ ಯಾರಿಗೆ ಬೇಕು?”

“ರೀ, ಅವ್ರು ಹೇಳೋದು ಸರಿ,” ಎಂದಳು ಇಪ್ಪತ್ತು ವರ್ಷ ಗಾಜುಗಳ ನಡುವೆಯೇ ಬದುಕಿದ ಹೆಂಡತಿ. “ಆ ನಾಲ್ಕರದ್ದೇ ತಗೊಳ್ಳಿ.”

“ನೀನು ಹತ್ತಿರದ ಅಕ್ಷರ ಓದಿಸೋಳು. ಇದು ದೂರದೃಷ್ಟಿ ಇರೋರ ವಿಷಯ!”

“ದೂರದೃಷ್ಟಿ ಇರೋದು ಗೊತ್ತು ರೀ. ಅದಕ್ಕೇ ತಾನೇ ನಿಮಗೆ ಪ್ಲಸ್ ನಂಬರ್ ಕನ್ನಡಕ ಕೊಟ್ಟಿದ್ದು?”

ಅಂಗಡಿಯವನು ಕೆಮ್ಮಿದ. ಮಹಾಸ್ಕೋಪು ಮನೆಗೆ ಬಂತು.

ಬಂದೂಕು ಕ್ಲಬ್ಬಿನ ಬೀರುವಿನಲ್ಲಿ, ಸ್ಕೋಪು ಮನೆಯ ಇಸ್ತ್ರಿ ಟೇಬಲ್ಲಿನ ಮೇಲೆ! ಅಡುಗೆಮನೆ ಬಾಗಿಲಿಗೆ ಕಾಗದದ ಗುರಿ ಅಂಟಿಸಿ, ಅಂಗಾತ ಮಲಗಬೇಕಾದ ಹೊತ್ತಿನಲ್ಲೆಲ್ಲ ಬೋರಲು ಮಲಗಿ ಅಭ್ಯಾಸ ನಡೆಸಿದರು. ಸ್ಕೋಪನ್ನು ಕೈಯಲ್ಲಿ ಹಿಡಿದು ನೋಡಿದ ಮೊದಲ ದಿನ ಕೂಗಿಕೊಂಡರು: “ಲೇ, ಬಾಗಿಲು ಅಲ್ಲಾಡ್ತಿದೆ! ಭೂಕಂಪ!”

“ಭೂಕಂಪ ಅಲ್ಲ ರೀ, ಅದು ನಿಮ್ಮ ಎದೆಬಡಿತ. ಅದೂ ಇಪ್ಪತ್ತನಾಲ್ಕು ಪಟ್ಟು.”

ಆದರೆ ಅವರು ಶ್ರಮಜೀವಿ. ಮರಳು ಚೀಲದ ಆಸರೆ ಕೊಟ್ಟು, ಉಸಿರು ಹಿಡಿದು, ದಿನವೂ ಸಂಜೆ ಕ್ಲಬ್ಬಿಗೆ ಹೋಗಿ ಎದೆಬಡಿತವನ್ನೇ ಪಳಗಿಸಿಬಿಟ್ಟರು.

ಸ್ಪರ್ಧೆಯ ಶನಿವಾರ ಬೆಳಿಗ್ಗೆ. ವಿಳಾಸಪ್ಪನವರಿಗೆ ಏಳನೇ ಹಲಗೆ, ಸೆಲೂನಿನ ಯಜಮಾನನಿಗೆ ಎಂಟನೆಯದು. ಆತನ ಬಂದೂಕಿನ ಮೇಲಿದ್ದದ್ದು ಅದೇ ಗೇಣುದ್ದದ ಬಡಪಾಯಿ ಸ್ಕೋಪು. ತೀರ್ಪುಗಾರರಾದ ನಿವೃತ್ತ ಡ್ರಿಲ್ ಮೇಷ್ಟ್ರು ಗುಡುಗಿದರು: “ಇಬ್ಬರೂ ಒಟ್ಟಿಗೆ, ತಲಾ ಹತ್ತು ಗುಂಡು! ಹಿಂದೆ ಕೂತೋರು ತುಟಿ ಪಿಟಕ್ ಅನ್ನಬಾರದು. ಮಾತಾಡಿದ್ರೆ ಅವರ ಕಡೆಯವರು ಔಟ್!”

ವಿಳಾಸಪ್ಪನವರು ಬೋರಲು ಮಲಗಿ, ಸ್ಕೋಪಿಗೆ ಕಣ್ಣಿಟ್ಟರು. ಆಹಾ! ಗುರಿಯ ಕಪ್ಪು ವೃತ್ತ ಊಟದ ತಟ್ಟೆಯಷ್ಟು ದೊಡ್ಡದಾಗಿ ಕಣ್ತುಂಬ ನಿಂತಿತ್ತು. ತಟ್ಟೆಯ ಹೊರಗೆ ಜಗತ್ತೇ ಇಲ್ಲ! ಮೊದಲ ಗುಂಡು ಹಾರಿತು. ನಟ್ಟನಡುವೆ, ಹತ್ತಕ್ಕೆ ಹತ್ತು ಅಂಕ!

ಹಿಂದಿನಿಂದ ಹೆಂಡತಿಯ ಕೆಮ್ಮು ಕೇಳಿಸಿತು. ‘ಸಂತೋಷಕ್ಕೆ ಗಂಟಲು ಕಟ್ಟಿದೆ ಪಾಪ,’ ಎಂದುಕೊಂಡರು. ಎರಡನೆಯದೂ ಹತ್ತು. ಕೆಮ್ಮು ಜೋರಾಯಿತು. ‘ಸಂಜೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು.’ ಐದನೆಯದಕ್ಕೆ ಆಕೆ ಛತ್ರಿಯಿಂದ ನೆಲ ಕುಟ್ಟಿದಳು. ವಿಳಾಸಪ್ಪನವರು ಹಿಂದೆ ತಿರುಗದೆಯೇ, ಸುಮ್ಮನಿರು ಎಂದು ಬೆರಳೆತ್ತಿ, ಉಳಿದ ಐದನ್ನೂ ಸರಸರನೆ ಮುಗಿಸಿದರು. ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಹೊಡೆದಿರಲಿಲ್ಲ!

ಎದ್ದು, ಮೊಣಕಾಲಿನ ಮಣ್ಣು ಕೊಡವಿ, ಹೆಂಡತಿಯ ಕಡೆ ವಿಜಯದ ನೋಟ ಬೀರಿದರು. “ಹೇಗಿತ್ತು?”

ಆಕೆ ಅವರ ಬಲಗಣ್ಣಿಗೆ ಅಂಗೈ ಅಡ್ಡ ಹಿಡಿದು, ದೂರಕ್ಕೆ ಬೆರಳು ಮಾಡಿದಳು.

“ರೀ, ಅದು ಪಕ್ಕದ ಬೋರ್ಡು.”

ಏಳನೇ ಹಲಗೆ ಆಗತಾನೆ ಒಗೆದ ಅಂಗಿಯಂತೆ ನಿಷ್ಕಳಂಕವಾಗಿತ್ತು. ಎಂಟನೆಯದರಲ್ಲಿ ಇಪ್ಪತ್ತು ತೂತು! ಡ್ರಿಲ್ ಮೇಷ್ಟ್ರು ಮೂರು ಸಲ ಎಣಿಸಿ, ನಿಯಮದ ಪುಸ್ತಕ ತಿರುವಿದರು. “ಯಾವುದು ಯಾರ ಗುಂಡು ಅಂತ ಹೇಳೋಕಾಗಲ್ಲ. ಇಂಥ ಕಡೆ ಇರೋದರಲ್ಲಿ ಒಳ್ಳೇ ಹತ್ತು, ಹಲಗೆ ಯಾರದೋ ಅವರಿಗೆ. ಏಳನೇ ಹಲಗೆ, ಸೊನ್ನೆ!”

ಸೆಲೂನಿನ ಯಜಮಾನ ಬಂದು ವಿಳಾಸಪ್ಪನವರ ಎರಡೂ ಕೈ ಹಿಡಿದುಕೊಂಡ.

“ನೀವು ಕಳಿಸಿದ್ದು ಹತ್ತೂ ತಲುಪಿತು ಸಾರ್! ನನ್ನ ಗುಂಡಿಗೆ ಬರೀ ಏಳೆಂಟು ಅಂಕ. ಅಡ್ರೆಸ್ ಮಾತ್ರ ಸ್ವಲ್ಪ...”

“ಇಪ್ಪತ್ತು ವರ್ಷದಲ್ಲಿ ಇದೇ ಮೊದಲು,” ಎಂದರು ವಿಳಾಸಪ್ಪನವರು, ಕ್ಷೀಣವಾಗಿ.

“ಎರಡನೇ ಸಲ,” ಎಂದಳು ಹೆಂಡತಿ. “ಮೊದಲನೇದಕ್ಕೆ ನಾನು ಸಿಕ್ಕಿದೆ. ಈ ಸಲ ಏನು ಸಿಕ್ತು?”

ಉತ್ತರ ಭಾನುವಾರ ಸಿಕ್ಕಿತು. ಅವರ ಅಳತೆಗೆ ಹೊಲಿದ ಕೋಟನ್ನು ಸೆಲೂನಿನ ಯಜಮಾನ ತೋಳು ಮಡಿಚಿಕೊಂಡು ಹಾಕಿಕೊಂಡಿದ್ದ. ಇವರಿಗೆ ಕ್ಲಬ್ಬಿನಿಂದ ಸಿಕ್ಕಿದ್ದು ಒಂದು ಡಬ್ಬ ಬಣ್ಣ, ಒಂದು ಬ್ರಷ್ಷು.

ಈಗ ವಿಳಾಸಪ್ಪನವರ ಬಂದೂಕಿನ ಮೇಲಿರುವುದು ನಾಲ್ಕು ಪಟ್ಟಿನ ಸ್ಕೋಪು. ಪ್ರತಿ ಶನಿವಾರ ಅವರು ಎಲ್ಲರಿಗಿಂತ ಮುಂಚೆ ಕ್ಲಬ್ಬಿಗೆ ಹೋಗಿ, ಗುರಿಹಲಗೆಗಳಿಗೆ ನಂಬರು ಬರೆಯುತ್ತಾರೆ.