ಸ್ಲೈಡರ್ ಎಳೆದ ಹುಡುಗಿ, ಹೊಟ್ಟೆ ಉರಿದ ನಾನು

ಹೊಟ್ಟೆಕಿಚ್ಚು ಪಡುವವನನ್ನು ಮಾನ ಹೋಗುವ ಸಂದರ್ಭಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ನನ್ನ ಹತ್ತಿರ ಅವು ವಿಳಾಸ ಕೇಳದೆಯೇ ಬಂದವು.

ನಾನು ತಮಿಳುನಾಡಿನ ಪೆನ್ನಾಗರಂ ಕಡೆಯ ಕನ್ನಡದವನು. ಸೇಲಂನ ಒಂದು ಆರ್ಕಿಟೆಕ್ಟ್ ಆಫೀಸಿನಲ್ಲಿ ಇಪ್ಪತ್ತು ವರ್ಷದಿಂದ ಪ್ಲಾನು ಬರೆಯುತ್ತಿದ್ದೇನೆ. ಹೋದ ವರ್ಷದ ತನಕ ಅಲ್ಲಿ ನನ್ನ ಮಾತೇ ಮಾತು. ಆಮೇಲೆ ಕಾರಿಮಂಗಲಂನಿಂದ ಒಬ್ಬಳು ಆರ್ಕಿಟೆಕ್ಟ್ ಬಂದಳು. ನಮ್ಮ ಹಾಗೇ ಮನೆಯಲ್ಲಿ ಕನ್ನಡ ಆಡುವ ಹುಡುಗಿ. ನನ್ನನ್ನು "ಅಣ್ಣಾ" ಅಂತಲೇ ಕರೆಯುತ್ತಾಳೆ. ಮನಸಾರೆ ಬೈಯೋಣ ಅಂದರೆ ಅದೊಂದು ತೊಂದರೆ.

೧. ಎರಡು ಅಡಿ

ಸಬ್ಬಕ್ಕಿ ಮಿಲ್ಲಿನ ಯಜಮಾನರೊಬ್ಬರು ಮನೆ ಪ್ಲಾನು ಪೂರಾ ಮುಗಿದ ಮೇಲೆ "ಹಾಲ್ ಎರಡಡಿ ಎತ್ತರ ಆಗ್ಲಿ" ಅಂದರು. ಹಾಲ್ ಎದ್ದರೆ ಮೆಟ್ಟಿಲು ಹೆಚ್ಚುತ್ತದೆ, ಮೆಟ್ಟಿಲು ಹೆಚ್ಚಿದರೆ ಪಕ್ಕದ ರೂಮು ಕುಗ್ಗುತ್ತದೆ, ಕಿಟಕಿ ಜಾಗ ಬಿಡುತ್ತದೆ. ನಾನು "ನಾಲ್ಕು ದಿನ ಬೇಕು" ಅಂದೆ. ಅವಳು ಕಂಪ್ಯೂಟರಿನಲ್ಲಿ ಸ್ಲೈಡರ್ ಅನ್ನುವ ಪುಟ್ಟ ಗುಂಡಿಯನ್ನು ಬಲಕ್ಕೆ ಎಳೆದಳು. ಹಾಲ್ ಎದ್ದಿತು, ನಾಲ್ಕು ಮೆಟ್ಟಿಲು ತಾವೇ ಹುಟ್ಟಿದವು, ಕಿಟಕಿ ಮರ್ಯಾದೆಯಿಂದ ಪಕ್ಕಕ್ಕೆ ಸರಿಯಿತು.

"ಪ್ಯಾರಾಮೆಟ್ರಿಕ್ ಡಿಸೈನ್ ಅಣ್ಣಾ. ನಾನು ಬರೇ ಗೀಟು ಎಳೆಯಲ್ಲ. ಇದು ಇಷ್ಟಾದ್ರೆ ಅದು ಅಷ್ಟಾಗ್ಬೇಕು ಅಂತ ರೂಲ್ ಬರೀತೀನಿ. ಒಂದು ನಂಬರ್ ಬದಲಾಯಿಸಿದ್ರೆ ಮಿಕ್ಕಿದ್ದೆಲ್ಲಾ ಅದೇ ಬದಲಾಯ್ತದೆ."

ನಮ್ಮ ಬಾಸ್ ತಮಿಳಿನಲ್ಲಿ "ರೊಂಬ ಸೂಪರ್ ಮಾ!" ಅಂದರು; ರೊಂಬ ಅಂದರೆ ತುಂಬಾ. ಇಪ್ಪತ್ತು ವರ್ಷದಲ್ಲಿ ನನಗೆ ಬರೀ 'ಸೂಪರ್' ಕೂಡ ಸಿಕ್ಕಿರಲಿಲ್ಲ.

ಮನೆಗೆ ಬಂದು ಹೆಂಡತಿಯ ಮುಂದೆ ಕಾರಿಕೊಂಡೆ: "ಎಲ್ಲಾ ಮಾಡಿದ್ದು ಕಂಪ್ಯೂಟರ್. ಅವಳೇನ್ ಮಾಡಿದ್ಳು?"

ಹೆಂಡತಿ ಸಾರಿಗೆ ಒಗ್ಗರಣೆ ಹಾಕುತ್ತಾ ಕೇಳಿದಳು: "ನಿಮ್ ಮುಂದೂ ಕಂಪ್ಯೂಟರ್ ಐತಲ್ಲಾ. ಅದ್ಯಾಕೆ ಮಾಡ್ಲಿಲ್ಲ?"

೨. ಒಂದು ಸೊನ್ನೆ

ಒಂದು ಮಧ್ಯಾಹ್ನ ಆ ಹುಡುಗಿ ಊಟಕ್ಕೆ ಹೋದಾಗ ಮೆಲ್ಲಗೆ ಅವಳ ಲ್ಯಾಪ್‌ಟಾಪ್ ಮುಂದೆ ಕೂತೆ. ಮೂವತ್ತಡಿಯ ಮನೆಯನ್ನು ಮೂವತ್ತೊಂದು ಮಾಡೋಣ ಅಂತ ಹೋದವನು ಅವಸರದಲ್ಲಿ ಒಂದು ಸೊನ್ನೆ ಸೇರಿಸಿಬಿಟ್ಟೆ. ಮನೆ ಮುನ್ನೂರಡಿಯಾಗಿ ಎದುರು ಮನೆ, ರಸ್ತೆ, ಟ್ರಾನ್ಸ್‌ಫಾರ್ಮರ್ ಎಲ್ಲ ನುಂಗಿತು. ರೂಲ್ ಪ್ರಕಾರ ಕಿಟಕಿಗಳು ಸಾಲುಸಾಲಾಗಿ ಹುಟ್ಟುತ್ತಲೇ ಇದ್ದವು. ನಿಲ್ಲಿಸುವುದು ಹೇಗೆಂದು ತಿಳಿಯದೆ ಎದ್ದು ನನ್ನ ಜಾಗಕ್ಕೆ ಓಡಿದೆ.

ಅವಳು ಬಂದು ನೋಡಿದಳು. "ಅಣ್ಣಾ, ಇದೇನಾಯ್ತು?"

"ಕರೆಂಟ್ ಓಗಿ ಬಂತಮ್ಮಾ," ಅಂದೆ.

ಅವಳು ತಲೆಯೆತ್ತಿ ತಿರುಗುತ್ತಲೇ ಇದ್ದ ಫ್ಯಾನ್ ನೋಡಿದಳು, ನನ್ನನ್ನು ನೋಡಿದಳು. "ಇದ್ರಲ್ಲಿ ಬ್ಯಾಟರಿ ಐತಣ್ಣಾ. ಮೌಸ್ ಮೇಲೆ ನಿಮ್ ವಿಭೂತೀನೂ ಐತೆ."

೩. ಸೋದರಮಾವ

ಪೆನ್ನಾಗರಂನಲ್ಲಿ ಕುರಿ ಸಾಕುವ ನನ್ನ ಸೋದರಮಾವ ಕುರಿದೊಡ್ಡಿಗೆ ಮೇಲ್ಛಾವಣಿ ಬೇಕೆಂದು ಆಫೀಸಿಗೆ ಬಂದ. ನಾನು ಫೋನಿನಲ್ಲಿದ್ದೆ. ಅಷ್ಟರಲ್ಲಿ ಹೋಗಿ ಅವಳ ಮುಂದೆ ಕೂತುಬಿಟ್ಟಿದ್ದ. ನನ್ನ ಸ್ವಂತ ಮಾವ!

"ಎಷ್ಟು ಕುರಿ ತಾತಾ?"

"ಅದೆಂಗೆ ಲೆಕ್ಕ ಕೊಡೋದು? ಮರಿ ಆಕಿದ್ರೆ ಏರ್ತದೆ, ಸಂತೆಗೆ ಓದ್ರೆ ಇಳೀತದೆ."

ಅವಳು ಕುರಿಯ ಲೆಕ್ಕವನ್ನೇ ಸ್ಲೈಡರ್ ಮಾಡಿದಳು. ಎಳೆದಂತೆಲ್ಲ ದೊಡ್ಡಿ ಹಿಗ್ಗಿತು, ಕುಗ್ಗಿತು. ಮಾವ ದಿಟ್ಟಿಸಿ ನೋಡಿ "ಓ, ನಾವು ದೊಡ್ಡಿ ಸುತ್ತ ಬಿದಿರ್ ತಡಿಕೆ ಸೇರಿಸ್ತೀವಲ್ಲಾ, ಅಂಗೆ! ಕುರಿ ಎಚ್ಚಿದ್ರೆ ಎರಡು ತಡಿಕೆ ಜಾಸ್ತಿ!" ಅಂದ.

"ಅದೇ ತಾತಾ, ಅದೇ ಪ್ಯಾರಾಮೆಟ್ರಿಕ್," ಅಂದಳು ಅವಳು.

ನನಗೆ ಖುಷಿಯೋ ಖುಷಿ. "ನೋಡ್ದಾ ಮಾವಾ, ಒಸದೇನಲ್ಲ!" ಅಂದೆ.

ಮಾವ ನನ್ನ ಕಡೆ ತಿರುಗಿದ. "ಲೇ, ಈ ಮಗು ಮಾಡೋ ಕೆಲ್ಸ ಒಂದ್ ಗಳಿಗೇಲಿ ತಿಳೀತು. ನೀನು ಇಲ್ಲಿ ಏನ್ ಮಾಡ್ತೀಯಾಂತ ಇಪ್ಪತ್ ವರ್ಷದಿಂದ ತಿಳೀಲಿಲ್ಲ."

೪. ಬಸ್ ಸ್ಟ್ಯಾಂಡ್

ನಮ್ಮ ಕಡೆಯ ಒಂದು ಊರಿಗೆ ಹೊಸ ಬಸ್ ಸ್ಟ್ಯಾಂಡಿನ ಪ್ಲಾನು. ಬಸ್ಸಿಳಿದ ಜನ ಎತ್ತ ನಡೆಯುತ್ತಾರೆ ಅನ್ನುವುದನ್ನು ಕಂಪ್ಯೂಟರಿಗೆ ತುಂಬಿ, ಅದರ ಪ್ರಕಾರ ದಾರಿ, ನೆರಳು, ಅಂಗಡಿ ಎಲ್ಲ ಇಟ್ಟಿದ್ದಳು. ನಾನು ತಪ್ಪು ಹುಡುಕಲೆಂದೇ ಕೂತೆ. ಸಿಕ್ಕಿತು! ಎಲ್ಲರ ಮುಂದೆ ಎದ್ದು ನಿಂತು ಹೇಳಿದೆ: "ಜನ ಬಸ್ಸಿಂದ ನೇರ ಗೇಟಿಗೆ ಓಗ್ತಾರೆ ಅಂತ ಆಕಿದ್ದೀಯ. ಯಾರಮ್ಮಾ ಓಗ್ತಾರೆ? ಮೊದ್ಲು ಟೀ ಕುಡೀತಾರೆ, ಬೋಂಡಾ ತಿಂತಾರೆ, ಯಾರನ್ನಾದ್ರೂ ಮಾತಾಡಿಸ್ತಾರೆ, ಆಮೇಲೆ ಗೇಟು."

ಅವಳ ಮುಖ ಬಾಡುತ್ತದೆ ಅಂತ ಕಾದೆ. ಅರಳಿತು. "ಅಣ್ಣಾ, ಇದು ನಂಗೆ ತೋಚಲೇ ಇಲ್ಲ!" ಅಂತ ಇನ್ನೊಂದು ಸ್ಲೈಡರ್ ಸೇರಿಸಿದಳು. ದಾರಿಗಳೆಲ್ಲ ಟೀ ಅಂಗಡಿಯ ಕಡೆ ಹೊಳೆಯ ಹಾಗೆ ಬಳುಕಿದವು. ಮೊದಲಿಗಿಂತ ಹತ್ತು ಪಟ್ಟು ಚೆಂದ. ಬಾಸ್ ಅವಳ ಕೈ ಕುಲುಕಿದರು. ಕೆಡಿಸಲು ಹೋಗಿ ತಿದ್ದಿಕೊಟ್ಟಿದ್ದೆ. ಅವತ್ತು ನನಗೆ ಊಟ ಸೇರಲಿಲ್ಲ.

ಮುಂದಿನ ವಾರ ಅಧಿಕಾರಿಗಳ ಮುಂದೆ ದೊಡ್ಡ ಪರದೆಯ ಮೇಲೆ ತೋರಿಸಿದಳು. ಸ್ಲೈಡರುಗಳ ಹೆಸರು ಒಂದರ ಕೆಳಗೊಂದು: ಬಸ್ಸು, ಬಿಸಿಲು, ಮಳೆ, ಅಣ್ಣ.

"ಯಾರಮ್ಮಾ ಈ ಅಣ್ಣಾ?" ಅಂದರು ದೊಡ್ಡ ಅಧಿಕಾರಿ.

"ಈ ಐಡಿಯಾ ನಮ್ ಅಣ್ಣಂದು ಸಾರ್. ಅದಕ್ಕೇ ಅವರ ಹೆಸರಲ್ಲೇ ಇಟ್ಟಿದ್ದೀನಿ," ಅಂತ ನನ್ನನ್ನು ತೋರಿಸಿದಳು. ಇಡೀ ಹಾಲ್ ಚಪ್ಪಾಳೆ ತಟ್ಟಿತು. ಇಪ್ಪತ್ತು ವರ್ಷದಲ್ಲಿ ನನಗೆ ಬಿದ್ದ ಮೊದಲ ಚಪ್ಪಾಳೆ. ಇವಳ ಮೇಲೇನಾ ನಾನು ಇಷ್ಟು ದಿನ ಉರಿದಿದ್ದು ಅಂತ ನಾಚಿಕೆಯೂ ಆಯಿತು. ಎದ್ದು ನಿಂತು ಕೈ ಮುಗಿದೆ.

ಅವಳು ಇನ್ನಷ್ಟು ಹುರುಪಿನಿಂದ ಗುಂಡಿ ಎಳೆದಳು. "ನೋಡಿ ಸಾರ್, ಅಣ್ಣ ಜಾಸ್ತಿ ಆದಷ್ಟೂ ದಾರಿ ಸೊಟ್ಟ ಆಗ್ತಾ ಓಗ್ತದೆ."

ಅಧಿಕಾರಿ ಕೈಮುಗಿದು ನಿಂತಿದ್ದ ನನ್ನನ್ನೊಮ್ಮೆ ನೋಡಿದರು, ಪರದೆಯನ್ನೊಮ್ಮೆ ನೋಡಿದರು. "ಸರಿ ಮಾ," ಅಂದರು, "ಇವರನ್ನ ಸೊನ್ನೆ ಮಾಡಿ ಒಂದ್ಸಲ ತೋರ್ಸು."