ಕರೆಂಟಿನ ಸಭೆಗೆ ಬಂದ ಬೀಗರು

ಬೈಲಹೊಂಗಲದಲ್ಲಿ ನನ್ನದೊಂದು ಮೋಟಾರು ರಿವೈಂಡಿಂಗ್ ಅಂಗಡಿ ಇದೆ. ರೈತರ ಪಂಪ್‌ಸೆಟ್ಟಿನ ಮೋಟಾರು ಸುಟ್ಟರೆ ಒಳಗಿನ ಹಳೆಯ ತಾಮ್ರದ ತಂತಿ ಕಿತ್ತು ಹೊಸದನ್ನು ಸುತ್ತಿಕೊಡುವುದು, ನಮ್ಮ ಮಾತಿನಲ್ಲಿ ಮೋಟಾರು ಕಟ್ಟುವುದು, ನನ್ನ ಉದ್ಯೋಗ. ಇಂಥ ಅಂಗಡಿಗೆ ಯಾರೂ ನಗುತ್ತ ಬರುವುದಿಲ್ಲ. ಆದರೆ ಸಿಟ್ಟಿಗೆದ್ದವರು ನಾಲ್ಕು ಮಂದಿ ಒಂದು ಕಡೆ ಸೇರಿದರೆ ನಗುವಂಥದ್ದು ಏನಾದರೊಂದು ನಡೆದೇ ನಡೆಯುತ್ತದೆ, ಅದನ್ನು ನಾನು ಅಂಗಡಿ ತೆರೆದ ದಿನದಿಂದ ನೋಡುತ್ತ ಬಂದಿದ್ದೇನೆ. ಈಚೆಗೆ ಕರೆಂಟಿನ ಸಭೆಗಳ ನೆಪದಲ್ಲಿ ನಡೆದದ್ದು ಮಾತ್ರ ಉಳಿದೆಲ್ಲವನ್ನೂ ಮೀರಿಸಿತು.

ಚಹಾ ಕುಡಿದು ಬರುವುದರೊಳಗೆ

ನಮ್ಮ ಸುತ್ತಿನ ರೈತರು ಸೇರಿ ಕರೆಂಟ್ ಗ್ರಾಹಕರ ಸಂಘ ಕಟ್ಟಿದರು. ಕಟ್ಟುವ ದಿನ ನಾನೂ ಹೋಗಿದ್ದೆ. ಮಾತು ಉದ್ದವಾಯಿತೆಂದು ಹೊರಗೆ ಹೋಗಿ ಒಂದು ಕಪ್ ಚಹಾ ಕುಡಿದು ಬಂದೆ. ಅಷ್ಟರಲ್ಲಿ ನನ್ನನ್ನು ಕಾರ್ಯದರ್ಶಿ ಮಾಡಿ ಚಪ್ಪಾಳೆಯನ್ನೂ ತಟ್ಟಿ ಮುಗಿಸಿದ್ದರು. ಸುಟ್ಟ ಮೋಟಾರೆಲ್ಲ ಇವರ ಅಂಗಡಿಗೇ ಬರುತ್ತವೆ, ನಮ್ಮ ಕಷ್ಟ ಇವರಿಗಿಂತ ಹೆಚ್ಚು ಯಾರಿಗೆ ಗೊತ್ತು ಎಂಬುದು ಅವರ ವಾದ.

ಕಷ್ಟವೇನೆಂದರೆ, ಪಂಪ್‌ಸೆಟ್ ನಡೆಯಲು ಬೇಕಾದ ತ್ರೀಫೇಸ್ ಕರೆಂಟನ್ನು ಪಾಳಿಯ ಮೇಲೆ ಕೊಡುತ್ತಾರೆ. ನಮ್ಮ ಕಡೆಗೆ ಬಂದದ್ದು ರಾತ್ರಿ ಪಾಳಿ, ಎರಡೂವರೆಯ ಮೇಲೆ. ಕರೆಂಟಿನ ದರ ಎಷ್ಟಿರಬೇಕು, ಜನರಿಗೆ ಹೇಗೆ ಕೊಡಬೇಕು ಎಂಬುದನ್ನೆಲ್ಲ ನೋಡಲು ಸರ್ಕಾರ ಒಂದು ಆಯೋಗ ಮಾಡಿದೆ. ಆಯೋಗದವರು ತೀರ್ಮಾನ ಮಾಡುವ ಮೊದಲು ಜನರನ್ನು ಕೇಳಬೇಕೆಂದು ಕಾನೂನಿದೆ. ಅದಕ್ಕಾಗಿ ವರ್ಷಕ್ಕೊಮ್ಮೆ ಬಂದು ಅಹವಾಲು ಸಭೆ ನಡೆಸುತ್ತಾರೆ. ಅಲ್ಲಿ ಯಾರು ಬೇಕಾದರೂ ಎದ್ದುನಿಂತು ತಕರಾರು ಹೇಳಬಹುದು. ಹಗಲು ಪಾಳಿ ಕೇಳಬೇಕು, ಸಂಘಕ್ಕೆ ಇದ್ದದ್ದು ಇದೊಂದೇ ಕೆಲಸ.

ಮನೆಗೆ ಬಂದು ಹೆಂಡತಿಗೆ ಹುದ್ದೆಯ ಸುದ್ದಿ ಹೇಳಿದೆ. ಆಕೆ ರೊಟ್ಟಿ ಬಡಿಯುತ್ತ ಕೇಳಿಸಿಕೊಂಡಳು.

“ಕರೆಂಟ ಸರಿ ಆತಂದ್ರ ಮೋಟಾರ ಸುಡೂದಿಲ್ಲ. ಮೋಟಾರ ಸುಡಲಿಲ್ಲಂದ್ರ ನಿಮ್ಮ ಅಂಗಡಿಗೆ ಯಾರ ಬರತಾರ್ರಿ?” ಅಂದಳು.

ಇದು ಸಮಾಜಸೇವೆ, ಅದನ್ನೆಲ್ಲ ನೋಡಬಾರದು ಅಂದೆ.

“ಹಂಗಾದ್ರ ರಾತ್ರಿ ಊಟಕ್ಕ ಸೇವಾನ ಬಡಸತೇನಿ,” ಅಂದಳು.

ಸಂಪಗಾಂವದ ಅಕ್ಕ

ನಿಜ ಹೇಳಬೇಕೆಂದರೆ ನಾನು ಹುದ್ದೆಯನ್ನು ಬಿಡದೆ ಹಿಡಿದುಕೊಂಡದ್ದು ಸಂಪಗಾಂವದ ಒಬ್ಬ ಹೆಣ್ಣುಮಗಳಿಗಾಗಿ. ವಯಸ್ಸಿನಲ್ಲಿ ನನಗಿಂತ ದೊಡ್ಡವಳು, ನಾನು ಅಕ್ಕಾರ ಅನ್ನುತ್ತೇನೆ, ಆಕೆ ಅಣ್ಣಾರ ಅನ್ನುತ್ತಾಳೆ. ರಾತ್ರಿ ಮೋಟಾರು ಚಾಲು ಮಾಡಲು ಹೋದ ಆಕೆಯ ಗಂಡ ಕತ್ತಲಲ್ಲಿ ಒಡ್ಡಿನ ಕಲ್ಲಿನ ಮೇಲಿಂದ ಬಿದ್ದು ಕಾಲು ಮುರಿದುಕೊಂಡಿದ್ದರು. ಅಂದಿನಿಂದ ನೀರು ಹಾಯಿಸಲು ಅಕ್ಕನೇ ಬ್ಯಾಟರಿ ಹಿಡಿದುಕೊಂಡು ಒಬ್ಬಳೇ ಹೊಲಕ್ಕೆ ಹೋಗುತ್ತಿದ್ದಳು. ಗಂಡ ಮನೆಯಲ್ಲಿ ಹೊರಸಿನ ಮೇಲೆ ಕುಳಿತು ಫೋನಿನಲ್ಲೇ ಒಕ್ಕಲುತನ ಮಾಡುತ್ತಿದ್ದರು.

ಆಕೆ ಸುಟ್ಟ ಮೋಟಾರು ತಂದುಹಾಕಿದ ದಿನ ನಾನು, ಕತ್ತಲಲ್ಲಿ ಹಾವಿನ ಹೆದರಿಕೆ ಇಲ್ಲವೇ ಎಂದು ಕೇಳಿದೆ.

“ಹಾವಿಗೇ ಹೆದರಿಕಿ ಆಗಿರಬೇಕ್ರಿ ಅಣ್ಣಾರ,” ಅಂದಳು ಅಕ್ಕ. “ಹೊಲ ಮುಟ್ಟೂದರಿಂದ ಮನಿ ಮುಟ್ಟೂತನಕ ನಮ್ಮ ಮನಿಯವರು ಫೋನಿನ್ಯಾಗ ಒಂದ ಸವನ ಒದರತಿರತಾರ.”

ನಗುತ್ತಲೇ ಹೇಳಿದಳು. ನನಗೆ ಮಾತ್ರ ಕಸಿವಿಸಿಯಾಯಿತು. ಮೋಟಾರು ಬೇಗ ಕಟ್ಟಿಕೊಡುತ್ತೇನೆ ಎಂದು ಮಾತು ಕೊಟ್ಟೆ. ಅಲ್ಲಿಯವರೆಗೆ ಪಕ್ಕದ ಹೊಲದ ಮೈದುನ ತನ್ನ ಮೋಟಾರಿನಿಂದ, ತನ್ನದು ಮುಗಿದ ಮೇಲೆ, ಆಕೆಗೆ ನೀರು ಬಿಡುವುದೆಂದು ಆಯಿತು. ಅಂದರೆ ಆಕೆ ರಾತ್ರಿ ಹೋಗುವುದೇನೂ ತಪ್ಪಲಿಲ್ಲ.

ಶಾಲು ಹೊದಿಸಿದ ಕೈ

ಮೊದಲ ವರ್ಷದ ಸಭೆ ಬೈಲಹೊಂಗಲದಲ್ಲೇ ನಡೆದಿತ್ತು. ಅದು ನಡೆದದ್ದು ಅಕ್ಕನ ಮೋಟಾರು ಸುಡುವ ಮೊದಲು. ಸಭೆಯ ಹಿಂದಿನ ವಾರವೆಲ್ಲ ನನ್ನ ಅಂಗಡಿಯಲ್ಲಿ ರೈತರು ಆಯೋಗದವರ ನೀರಿಳಿಸುವ ಮಾತಾಡುತ್ತಿದ್ದರು. ಒಬ್ಬ ಮೀಸೆಯ ರೈತರಂತೂ ಸಾಹೇಬರ ಮುಂದೆ ಸುಟ್ಟ ಮೋಟಾರನ್ನೇ ಒಗೆಯುವುದಾಗಿ ಹೇಳಿ, ಎತ್ತಲು ನಾಲ್ವರನ್ನು ಗೊತ್ತುಮಾಡಿದ್ದರು.

ಸಭೆಯ ದಿನ ಆಯೋಗದ ಅಧ್ಯಕ್ಷರು ಕಾರಿನಿಂದ ಇಳಿದರು. ಸಪೂರ ಮನುಷ್ಯ, ಕೈಯಲ್ಲೊಂದು ನೀರಿನ ಬಾಟಲಿ. ದೂರದಿಂದ ಬಂದ ದೊಡ್ಡವರನ್ನು ಹಾಗೇ ಕೂರಿಸಲು ಬರುತ್ತದೆಯೇ? ಮೀಸೆಯ ರೈತರೇ ಮುಂದಾಗಿ ರುಮಾಲು ಸುತ್ತಿದರು, ನಾನು ತಂದಿಟ್ಟಿದ್ದ ಶಾಲು ಹೊದಿಸಿದರು. ಮಾಲೆ ಬಿತ್ತು, ತಿನ್ನಲು ಗಿರ್ಮಿಟ್ಟು ಮಿರ್ಚಿ ಬಂತು. ಆಮೇಲೆ ಅಧ್ಯಕ್ಷರು, ಈಗ ನಿಮ್ಮ ತಕರಾರು ಹೇಳಿ ಅಂದರು. ನಾನು ಮೀಸೆಯ ರೈತರನ್ನು ತಿವಿದು ಎಬ್ಬಿಸಿದೆ.

“ಸಾಹೇಬ್ರು ಅಷ್ಟ ದೂರದಿಂದ ಬಂದಾರ,” ಎಂದು ಮೈಕಿನಲ್ಲಿ ಶುರುಮಾಡಿದರು. “ನಮ್ಮದೇನ ಐತ್ರಿ, ಎಲ್ಲಾ ಆರಾಮ ಐತಿ. ಉಂಡ ಹೋಗಬೇಕ್ರಿ, ಅಷ್ಟ.”

ಅವರ ಹಿಂದೆ ಎದ್ದವರೆಲ್ಲರೂ ಅದನ್ನೇ ಹೇಳಿದರು. ಈ ಭಾಗದ ಜನ ತೃಪ್ತಿ ವ್ಯಕ್ತಪಡಿಸಿದ್ದಾರೆ ಎಂದು ಆಯೋಗದವರು ಬರೆದುಕೊಂಡು ಹೋದರು. ರಾತ್ರಿ ಪಾಳಿ ಮುಂದುವರಿಯಿತು.

ಮರುದಿನ ಮೀಸೆಯ ರೈತರನ್ನು ಅಂಗಡಿಯಲ್ಲಿ ಹಿಡಿದು ಕೇಳಿದೆ. ಅವರಿಗೆ ನನ್ನ ಮೇಲೆಯೇ ಸಿಟ್ಟು ಬಂತು.

“ಶಾಲ ಹೊಚ್ಚಿದ ಕೈಲೆ ಕೊಳ್ಳಪಟ್ಟಿ ಹಿಡೀಲೇನ್ರಿ? ತಕರಾರ ಮಾಡೂದಿತ್ತಂದ್ರ ಶಾಲ ಯಾಕ ತಂದ್ರಿ?”

ಸವದತ್ತಿಯ ತಾಲೀಮು

ಎರಡನೇ ವರ್ಷ ನಾನು ಎಚ್ಚೆತ್ತುಕೊಂಡೆ. ಶಾಲಿಲ್ಲ, ಮಾಲೆಯಿಲ್ಲ, ತಕರಾರು ಮುಗಿಯುವವರೆಗೆ ಊಟವೂ ಇಲ್ಲ ಎಂದು ಸಂಘದಲ್ಲಿ ಠರಾವು ಮಾಡಿಸಿದೆ. ಅಷ್ಟೇ ಸಾಲದು, ಜನರಿಗೆ ಎದುರು ನಿಂತು ಮಾತಾಡುವ ರೂಢಿಯಾಗಬೇಕು ಎಂದು ತಾಲೀಮು ಶುರುಮಾಡಿದೆ. ಮೊದಲ ತಾಲೀಮು ಸವದತ್ತಿಯಲ್ಲಿ. ಒಂದು ಕುರ್ಚಿ ಹಾಕಿಸಿ ನಾನೇ ಕುಳಿತೆ. ನಾನೇ ಆಯೋಗದ ಅಧ್ಯಕ್ಷ ಅಂತ ತಿಳಿದು ಧೈರ್ಯವಾಗಿ ತಕರಾರು ಹೇಳಿರಿ ಅಂದೆ.

ಮೊದಲು ಎದ್ದವರು, ನಮ್ಮ ಗುಡ್ಡದ ಮೇಲೆ ಗಾಳಿ ಫ್ಯಾನುಗಳು ಹಗಲೆಲ್ಲ ತಿರುಗಿ ಕರೆಂಟು ಮಾಡುತ್ತವೆ, ಹಗಲು ಕೊಡಲು ಕರೆಂಟಿಲ್ಲ ಅನ್ನುತ್ತೀರಿ, ಹಾಗಾದರೆ ಅವು ನಮಗೆ ಗಾಳಿ ಹಾಕುತ್ತಿವೆಯೇ ಎಂದು ಕೇಳಿದರು. ನಾನು ಚಪ್ಪಾಳೆ ತಟ್ಟಿದೆ. ಸಂತೋಷದಿಂದ ಎರಡನೆಯವರನ್ನು ಕರೆದೆ.

ಅವರು, ಹೋದ ವರ್ಷ ನೀವು ಕಟ್ಟಿಕೊಟ್ಟ ಮೋಟಾರು ಎರಡೇ ತಿಂಗಳಲ್ಲಿ ಸುಟ್ಟಿತು ಅಂದರು.

ನಾನು ಈಗ ಅಂಗಡಿಯವನಲ್ಲ, ಆಯೋಗದ ಅಧ್ಯಕ್ಷ ಎಂದು ನೆನಪಿಸಿದೆ.

“ಅದಕ್ಕ ಹೇಳಾಕತ್ತೇನ್ರಿ,” ಅಂದರು. “ಅಂಗಡ್ಯಾಗ ಹೇಳಿದ್ರ ನೀವು ಕೇಳೂದಿಲ್ಲ.”

ಅಷ್ಟೇ ಬೇಕಾಗಿತ್ತು. ಬೇರಿಂಗು ಸದ್ದು ಮಾಡುತ್ತದೆ ಅಂದವರು ಒಬ್ಬರು, ಹಬ್ಬದ ಮೊದಲು ಕೊಡುತ್ತೇನೆಂದು ಹಬ್ಬ ಕಳೆದ ಮೇಲೆ ಕೊಟ್ಟಿರಿ ಅಂದವರು ಇನ್ನೊಬ್ಬರು. ಒಬ್ಬೊಬ್ಬರೂ ಎಷ್ಟು ಚೆನ್ನಾಗಿ, ಎಷ್ಟು ನಿರ್ಭಯವಾಗಿ ಮಾತಾಡಿದರೆಂದರೆ, ನಾನು ಎದ್ದು ಹೋಗುವ ಹಾಗೂ ಇರಲಿಲ್ಲ, ಕೂರುವ ಹಾಗೂ ಇರಲಿಲ್ಲ. ಹೊರಡುವಾಗ ಹಿರಿಯರೊಬ್ಬರು ಬೆನ್ನು ತಟ್ಟಿ, ಇಂಥ ಸಭೆ ತಿಂಗಳಿಗೊಮ್ಮೆಯಾದರೂ ಆಗಬೇಕು ಅಂದರು.

ಕಟಕೋಳದ ಜಗಳಗಂಟ

ಇವರನ್ನು ನಂಬಿದರೆ ಆಗದು ಎಂದು ರಾಮದುರ್ಗ ತಾಲೂಕಿನ ಕಟಕೋಳಕ್ಕೆ ಹೋದೆ. ಅಲ್ಲೊಬ್ಬರು ಹೆಸರಾದ ಜಗಳಗಂಟರಿದ್ದಾರೆ. ಅವರು ಕೈ ಮಾಡಿದರೆ ಮುಂದೆ ಹೋದ ಬಸ್ಸೂ ಹಿಂದಕ್ಕೆ ಬರುತ್ತದೆ. ಮದುವೆಯಲ್ಲಿ ಅವರನ್ನು ಮೊದಲ ಪಂಕ್ತಿಯಲ್ಲೇ ಕೂರಿಸಿ ಉಣಿಸಿ ಕಳಿಸುತ್ತಾರೆ. ನಾನು ವಿಷಯ ಹೇಳಿದ ಕೂಡಲೇ ಒಪ್ಪಿದರು. ಶಾಲು ಗೀಲು ತನಗೆ ಲೆಕ್ಕಕ್ಕಿಲ್ಲ, ಹೊದಿಸಿದ್ದನ್ನು ಕಿತ್ತುಕೊಂಡು ಬೈಯುವವ ತಾನು ಅಂದರು. ನನಗೆ ಜೀವ ಬಂದಂತಾಯಿತು.

ಸಭೆ ಈ ಸಲ ಕಿತ್ತೂರಿನ ಒಂದು ಕಲ್ಯಾಣಮಂಟಪದಲ್ಲಿ. ಮಂಟಪ ತುಂಬಿತ್ತು. ನಮ್ಮ ಜಗಳಗಂಟರು ಮುಂದಿನ ಕುರ್ಚಿಯಲ್ಲಿ ಕುಳಿತು ಅಂಗಿಯ ತೋಳು ಏರಿಸಿಕೊಂಡಿದ್ದರು. ಅಧ್ಯಕ್ಷರು ಹೋದ ವರ್ಷದವರೇ. ಮೈಕು ಹಿಡಿದು, ಈ ಕಡೆ ನನಗೆ ಹೊಸದಲ್ಲ, ನನ್ನ ಹೆಂಡತಿಯ ತವರುಮನೆ ರಾಮದುರ್ಗ ಎಂದು ಸುಮ್ಮನೆ ಒಂದು ಮಾತು ಹೇಳಿದರು.

ಜಗಳಗಂಟರು ತೋಳು ಇಳಿಸಿದರು. ಎದ್ದು ವೇದಿಕೆಗೆ ಹೋಗಿ ಕೈಮುಗಿದರು, ಯಾವ ಓಣಿ, ಯಾರ ಮನೆ ಎಂದು ವಿಚಾರಿಸಿದರು, ತಲೆಯಾಡಿಸುತ್ತ ಇಳಿದು ಬಂದರು. ಯಾಕೆ ಸುಮ್ಮನೆ ಬಂದಿರಿ ಎಂದು ನಾನು ಕೇಳಿದೆ.

“ನಮ್ಮ ತಾಲೂಕಿನ ಅಳ್ಯಾರದಾರ್ರಿ,” ಅಂದರು ಮೆಲ್ಲಗೆ. “ಅಳ್ಯಾರ ಮ್ಯಾಲ ದನಿ ಏರಿಸಿದ್ರ ಆ ಹೆಣ್ಣಮಗಳು ಆ ಮನ್ಯಾಗ ಬಾಳೇ ಮಾಡಬ್ಯಾಡೇನು?”

ಅಷ್ಟು ಹೇಳಿ ಅಳಿಯಂದಿರಿಗೆ ಮರ್ಯಾದೆಯಾಗಿ ಕೊಡುವ ಆಹೇರಿ ಬಟ್ಟೆ ತರಲು ಪೇಟೆಗೆ ಹೋದರು.

ಊಟದ ಕರೆ

ಇನ್ನೂ ಮಂಟಪದ ತುಂಬ ಜನರಿದ್ದಾರೆ, ಯಾರಾದರೂ ಒಬ್ಬರು ಬಾಯಿ ಬಿಡದೆ ಇರುತ್ತಾರೆಯೇ ಅಂದುಕೊಂಡೆ. ಅಷ್ಟರಲ್ಲಿ ಒಬ್ಬರ ಫೋನು ರಿಂಗಾಯಿತು. ಅವರು ಎದ್ದು ಹೊರಗೆ ಓಡಿದರು. ಇನ್ನೊಬ್ಬರದು ರಿಂಗಾಯಿತು, ಅವರೂ ಓಡಿದರು. ಆಮೇಲೆ ಫೋನಿಗೂ ಕಾಯದೆ ಸಾಲುಸಾಲೇ ಎದ್ದಿತು. ನಡೆದದ್ದಿಷ್ಟೆ. ಸಭೆಯ ದಿನ ಯಾರೂ ದೂರಬಾರದೆಂದು ಕರೆಂಟ್ ಕಂಪನಿಯವರು ನಮ್ಮ ಲೈನಿಗೆಲ್ಲ ಹಗಲೇ ತ್ರೀಫೇಸ್ ಬಿಟ್ಟಿದ್ದರು. ಹಗಲು ಕರೆಂಟು ಬೇಕೆಂದು ಕೇಳಲು ಬಂದವರೆಲ್ಲ ಹಗಲು ಕರೆಂಟು ಬಂತೆಂದು ನೀರು ಹಾಯಿಸಲು ಓಡಿಹೋದರು.

ಕೊನೆಗೆ ಉಳಿದವರು ಕೈಬೆರಳೆಣಿಕೆಯ ಮಂದಿ. ಅವರಲ್ಲಿ ಸಂಪಗಾಂವದ ಅಕ್ಕ ಒಬ್ಬಳು. ಓಡಿಹೋಗಲು ಆಕೆಯ ಮೋಟಾರು ಹೊಲದಲ್ಲಿರಲಿಲ್ಲ, ನನ್ನ ಅಂಗಡಿಯಲ್ಲಿತ್ತು.

ಅಕ್ಕ ಸೆರಗು ಸರಿಮಾಡಿಕೊಂಡು ಮೈಕಿನ ಮುಂದೆ ಹೋಗಿ ನಿಂತಳು. ಅಧ್ಯಕ್ಷರು ಏನಮ್ಮಾ ತಕರಾರು ಎಂದು ಕೇಳಿದರು.

“ತಕರಾರ ಏನಿಲ್ರಿ ಸಾಹೇಬ್ರ. ನಿಮ್ಮನ್ನ ಊಟಕ್ಕ ಕರಿಯಾಕ ಬಂದೇನಿ,” ಅಂದಳು.

ನಾನು ತಲೆ ಮೇಲೆ ಕೈ ಇಟ್ಟುಕೊಂಡೆ. ಅಧ್ಯಕ್ಷರು ನಕ್ಕು, ಇನ್ನೊಮ್ಮೆ ಬರುತ್ತೇನೆ ಅಂದರು.

“ಹಂಗ ಅನಬ್ಯಾಡ್ರಿ. ನಮ್ಮ ಹೊಲದಾಗ ಊಟ. ರೊಟ್ಟಿ, ಎಣ್ಣಿಗಾಯಿ, ಶೇಂಗಾ ಚಟ್ನಿ. ರಾಮದುರ್ಗದ ತಂಗೀನೂ ಕರ್ಕೊಂಡ ಬರ್ರಿ. ರಾತ್ರಿ ಎರಡೂವರಿಗೆ ಬಂದಬಿಡ್ರಿ.”

ಅಧ್ಯಕ್ಷರು, ಮಧ್ಯಾಹ್ನ ಎರಡೂವರೆಯೇ ಎಂದು ಕೇಳಿದರು.

“ರಾತ್ರಿರಿ. ಕರೆಂಟ ಬರೂದು ಅವಾಗ, ನಾ ಹೊಲದಾಗ ಸಿಗೂದು ಅವಾಗ. ಒಡ್ಡಿನ ಮ್ಯಾಲ ಕಲ್ಲ ಭಾಳ ಅದಾವು, ನೋಡಿ ಕಾಲಿಡ್ರಿ. ನಮ್ಮ ಮನಿಯವರು ಅಲ್ಲೇ ಬಿದ್ದ ಕಾಲ ಮುರಕೊಂಡ್ರು.”

ಅಧ್ಯಕ್ಷರು ಬಾಟಲಿ ತೆಗೆದು ಒಂದು ಗುಟುಕು ನೀರು ಕುಡಿದರು. ಆಮೇಲೆ, ಅಷ್ಟು ಹೊತ್ತಿನಲ್ಲಿ ನನ್ನ ಹೆಂಡತಿ ಹೊಲಕ್ಕೆ ಬರುವುದಿಲ್ಲಮ್ಮ ಅಂದರು.

“ನಾ ದಿನಾ ಬರತೇನಲ್ರಿ,” ಅಂದಳು ಅಕ್ಕ.

ಅದರಲ್ಲಿ ದೂರೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ದಾರಿ ಹೇಳುವವರು ಹೇಳುವಂತೆ ಹೇಳಿದಳು. ಯಾರೂ ನಗಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಇನ್ನೊಬ್ಬ ರೈತರು ಎದ್ದು, ತಮ್ಮ ಹೊಲವೂ ಅದೇ ದಾರಿಯಲ್ಲಿದೆ, ರಾತ್ರಿ ಮೂರಕ್ಕೆ ಅಲ್ಲಿಗೂ ಒಂದು ಕಪ್ ಚಹಾಕ್ಕೆ ಬರಬೇಕು ಎಂದು ಕರೆದರು. ಉಳಿದವರೂ ಒಬ್ಬೊಬ್ಬರಾಗಿ ಕರೆದರು. ಎಲ್ಲ ಕರೆಗಳೂ ಬೆಳಗಾಗುವುದರೊಳಗಿನವೇ.

ಅಧ್ಯಕ್ಷರು ಕಂಪನಿಯ ಇಂಜಿನಿಯರರ ಕಡೆ ತಿರುಗಿ, ಇವತ್ತು ಹಗಲು ಕರೆಂಟು ಹೇಗೆ ಬಂತು ಎಂದು ಕೇಳಿದರು. ಇವತ್ತಿಗಷ್ಟೇ ವಿಶೇಷ ವ್ಯವಸ್ಥೆ ಸರ್, ಅಂದರು ಇಂಜಿನಿಯರು.

“ಇವತ್ತು ಆಗುವುದಾದರೆ ನಾಳೆ ಯಾಕೆ ಆಗುವುದಿಲ್ಲ?” ಎಂದು ಅಧ್ಯಕ್ಷರು ಕೇಳಿದರು.

ಇಂಜಿನಿಯರು ಮುಖ ಒರೆಸಿಕೊಂಡರು. ಹಗಲು ಪಾಳಿಗೆ ಏನು ಮಾಡುತ್ತೀರೆಂದು ಬರೆದು ಕಳಿಸಿ, ಅಲ್ಲಿಯವರೆಗೆ ನಾನು ಈ ಅಕ್ಕನ ಊಟಕ್ಕೆ ಹೋಗುವುದಿಲ್ಲ ಅಂದರು ಅಧ್ಯಕ್ಷರು. ನಾನು ಎದ್ದುನಿಂತು ಚಪ್ಪಾಳೆ ತಟ್ಟಿದೆ. ನನ್ನ ಹುದ್ದೆ ಸಾರ್ಥಕವಾಯಿತು ಅನ್ನಿಸಿತು.

ಅಧ್ಯಕ್ಷರಿಗೂ ಖುಷಿಯಾಗಿತ್ತು. ಹಾಗಾದರೆ ತಕರಾರು ಅಂತ ಬೇರೇನೂ ಇಲ್ಲವಲ್ಲ ಎಂದು ಅಕ್ಕನನ್ನು ಕೇಳಿದರು.

“ಒಂದ ಐತ್ರಿ,” ಅಂದಳು ಅಕ್ಕ. ತಿರುಗಿ ನನ್ನನ್ನು ತೋರಿಸಿದಳು. “ಈ ಅಣ್ಣಾರು ನನ್ನ ಮೋಟಾರ ಇನ್ನೂ ಕಟ್ಟಿಕೊಟ್ಟಿಲ್ರಿ. ಕೇಳಿದ್ರ, ಕರೆಂಟಿನ ಸಭಾ ಐತಿ, ಪುರುಸೊತ್ತಿಲ್ಲ ಅಂತಾರ.”

ಅದೊಂದೇ ತಕರಾರು ನಡಾವಳಿಯಲ್ಲಿ ದಾಖಲಾಯಿತು. ಎರಡು ವರ್ಷ ಊರೂರು ತಿರುಗಿ ನಾನು ಹೇಳಿಸಿದ ಒಟ್ಟು ತಕರಾರು ಅದು, ಅದೂ ನನ್ನ ಮೇಲೆ.

ಸರ್ಕಾರದ ಕೆಲಸ, ಹಗಲು ಪಾಳಿ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಅಷ್ಟರಲ್ಲಿ ಮೋಟಾರು ಕಟ್ಟಿದರಾಯಿತು ಎಂದು ನಾನು ನಿಶ್ಚಿಂತೆಯಿಂದ ಇದ್ದೆ. ಮುಂದಿನ ವಾರವೇ ಒಂದು ಬೆಳಿಗ್ಗೆ ಅಕ್ಕನ ಫೋನು ಬಂತು.

“ಅಣ್ಣಾರ, ಸರ್ಕಾರದವರು ಬಂದ ಹಗಲ ಕರೆಂಟ ಕೊಟ್ಟ ಹೋದ್ರು. ನೀವು ಯಾವಾಗ ಬರತೀರಿ?”